ನಾಗಾವಿಯ ಮಧುಸೂದನ ದಂಡನಾಯಕರಿಗೆ



ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು. ತೊಗರಿ ಸುಗ್ಗಿ ಶುರುವಾಗಿದೆ. ಚಿತ್ತಾಪುರದ ಕಡೆಯಿಂದ ಬಂದ ಚೀಲಗಳನ್ನು ಹಮಾಲರು ಇಳಿಸುತ್ತಿದ್ದಾರೆ. ಹೊಲಿಗೆ ಬಿಚ್ಚಿದರೆ ಕಾಳಿನ ಜೊತೆ ಒಂದೆರಡು ಎರೆಮಣ್ಣಿನ ಹೆಂಟೆಗಳೂ ಉರುಳಿ ಬೀಳುತ್ತವೆ. ಅದು ನಿಮ್ಮ ನಾಗಾವಿ ಸೀಮೆಯ ಮಣ್ಣು. ನಿಮ್ಮ ದಾನದ ಕಲ್ಲುಶಾಸನದ ತಾರೀಖೂ ಈ ದಿನಗಳದ್ದೇ: 1058ರ ಡಿಸೆಂಬರ್ 24.

ಆ ಶಾಸನದ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನಿಮ್ಮ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52. ಅವರ ಊಟ, ಬಟ್ಟೆಗೆ ವ್ಯವಸ್ಥೆ, ಗುರುಗಳಿಗೆ ಭೂಮಿ. ಇಷ್ಟನ್ನು ಬೇರೆ ದಾನಿಗಳೂ ಮಾಡಿದ್ದಾರೆ. ನೀವು ಇನ್ನೂ 6 ಜನರನ್ನು ಸೇರಿಸಿದಿರಿ: ಸರಸ್ವತೀ ಭಂಡಾರಿಗರು, ಗ್ರಂಥ ಕಾಯುವವರು. ಓಲೆಗರಿಗೆ ಹುಳ ಬೀಳದಂತೆ ನೋಡಿಕೊಳ್ಳಬೇಕು, ಎಣ್ಣೆ ಸವರಬೇಕು, ಮುರಿದದ್ದನ್ನು ಮತ್ತೆ ಬರೆಸಬೇಕು. ಯಾರ ಕಣ್ಣಿಗೂ ಬೀಳದ ಈ ಕೆಲಸದವರ ಹೊಟ್ಟೆಪಾಡಿಗೂ ಭೂಮಿ ಬಿಡಬೇಕೆಂದು ಕತ್ತಿ ಹಿಡಿದ ನಿಮಗೆ ಹೊಳೆಯಿತಲ್ಲ!

ಭೂಮಿಯ ಲೆಕ್ಕದ ಮಾತು ಬಂತೆಂದು ಹೇಳುತ್ತೇನೆ: ನಿಮ್ಮ ಶಾಸನಕ್ಕೆ 28 ವರ್ಷ ತುಂಬಿದಾಗ, 1086ರಲ್ಲಿ, ಇಂಗ್ಲೆಂಡಿನ ಅರಸ ವಿಲಿಯಂ ಊರೂರಿನ ಹೊಲ, ನೇಗಿಲು, ನೀರಿನ ಗಿರಣಿಗಳನ್ನೆಲ್ಲ ಎಣಿಸಿ ಬರೆಸಿದ. ಅಲ್ಲಿಯ ನೈಟ್ ಮನೆತನಗಳ ಜಮೀನು ಯಾರಿಂದ ಯಾರಿಗೆ ಹೋಯಿತೆಂದು ಹುಡುಕುವವರು ಇವತ್ತಿಗೂ ಆ ಕಡತದಿಂದ ಶುರು ಮಾಡುತ್ತಾರೆ. ನಿಮ್ಮ ಮನೆತನಕ್ಕೆ ಇರುವುದು ನಾಗಾವಿಯ ಶಾಸನದ ಕಲ್ಲುಗಳು. ಇಂಗ್ಲೆಂಡಿನಲ್ಲಿ ಹಿರಿಮಗನೊಬ್ಬನೇ ಜಹಗೀರಿಗೆ ವಾರಸುದಾರನಾಗುವ ಪದ್ಧತಿ ಬೆಳೆಯಿತು. ಇಲ್ಲಿ, ನಿಮ್ಮ ಚಾಲುಕ್ಯ ಅರಸ ಆಹವಮಲ್ಲ ಸೋಮೇಶ್ವರನ ಮಗ ವಿಕ್ರಮಾದಿತ್ಯನ ಕಾಲಕ್ಕೆ, ನಮ್ಮ ಮರತೂರಿನ ವಿಜ್ಞಾನೇಶ್ವರರು ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥ ಬರೆದರು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದರು. ಹೆಣ್ಣುಮಗಳಿಗೆ ಆ ಹಕ್ಕು ಕಾಯಿದೆಯಲ್ಲಿ ಪೂರ್ತಿಯಾಗಿ ಬರಲು 2005ರ ತನಕ ಕಾಯಬೇಕಾಯಿತು. ತಲೆಮಾರಿಗೊಮ್ಮೆ ಪಾಲಾದ ಹೊಲಗಳ ತೊಗರಿ ಗಂಜಿಗೆ ಎರಡು ಚೀಲ, ಮೂರು ಚೀಲವಾಗಿ ಬರುತ್ತದೆ. ನಿಮ್ಮ ಮನೆಯ ಪಾಲು ಹೇಗಾಯಿತೋ, ನೀವೇ ಹೇಳಬೇಕು.

ಪತ್ರ ಬರೆದದ್ದು ಮಾತ್ರ ಇನ್ನೊಂದು ಮಾತಿಗೆ. ಚಾಲುಕ್ಯರ ದಂಡು ಧಾರಾನಗರ ಸುಟ್ಟಿತೆಂದು ನಿಮ್ಮ ಶಾಸನವೇ ಹೆಮ್ಮೆಯಿಂದ ಹೇಳುತ್ತದೆ. ಧಾರೆ ಭೋಜರಾಜನ ಊರು, ಪಂಡಿತರ ಊರು. ಅಲ್ಲಿಯೂ ಗರಿ ಕಾಯುವವರು ಇದ್ದೇ ಇದ್ದಿರಬೇಕು. ಬೆಂಕಿ ಅವರ ಕೋಣೆಯನ್ನೂ ಮುಟ್ಟಿತೇ? ಅದನ್ನು ಕಂಡು ನಿಮ್ಮ ಮನಸ್ಸು ಕಲಕಿ ಈ ಆರು ಜನರಿಗೆ ಭೂಮಿ ಬಿಟ್ಟಿರಾ? ಇಲ್ಲ, ಗೆದ್ದು ಬಂದ ದಂಡನಾಯಕರೆಲ್ಲ ಮಾಡುತ್ತಿದ್ದ ದಾನವೇ?

ಭಂಡಾರಿಗರನ್ನು ನೆನೆದಾಗಲೆಲ್ಲ ನಿಮಗೆ ಕೈ ಮುಗಿಯುತ್ತೇನೆ. ಆದರೆ ಆ ಭೂಮಿಯನ್ನು ಧಾರೆಯ ಬೂದಿಗೆ ವಜಾ ಹಾಕಲು ನನ್ನ ಕೈ ಬರುವುದಿಲ್ಲ. ಎರಡನ್ನೂ ನಿಮ್ಮ ಹೆಸರಿನಲ್ಲೇ ಬೇರೆ ಬೇರೆ ಬರೆದಿದ್ದೇನೆ.

ನಿಮ್ಮ ಸೀಮೆಯವನು,
ನೆಹರು ಗಂಜ್, ಕಲಬುರಗಿ