ಬಾಟಿಕ್ ಮಾರಿ ಕಟ್ಟಿದ ಊರು

ಚೆನ್ನೈನಿಂದ ಮಹಾಬಲಿಪುರಕ್ಕೆ ಹೊರಟ ಪ್ರವಾಸಿ ಬಸ್ಸುಗಳು ಈಂಜಂಬಾಕ್ಕಂ ಬಳಿ ನಿಲ್ಲುವುದು ಕಡಿಮೆ. ಮುಂದೆ ಮೊಸಳೆಗಳಿವೆ, ಪಲ್ಲವರ ಕಲ್ಲಿನ ರಥಗಳಿವೆ. ನಡುವಿನ ಈ ಕಲಾವಿದರ ಹಳ್ಳಿಗೆ ಯಾರ ಬಳಿ ಪುರಸತ್ತಿದೆ? ಆದರೂ ಅರ್ಧ ದಿನ ಉಳಿಸಿಕೊಂಡು ಇಲ್ಲಿ ಇಳಿಯುವವರಿಗೆ ನಷ್ಟವೇನೂ ಇಲ್ಲ. ಚಿತ್ರಕಾರರು ಮತ್ತು ಶಿಲ್ಪಿಗಳು ತಮ್ಮ ಕೈಕೆಲಸ ಮಾರಿದ ದುಡ್ಡಿನಲ್ಲೇ ನೆಲ ಕೊಂಡು ಕಟ್ಟಿಕೊಂಡ ಊರು ಇದು. ಹೆಸರು ಚೋಳಮಂಡಲ. ಯುರೋಪಿನವರ ಬಾಯಲ್ಲಿ ಕೋರಮಂಡಲ ಎಂದಾದದ್ದು ಇದೇ ಶಬ್ದ.

ಕಥೆ ಶುರುವಾಗುವುದು ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ. 1850ರಲ್ಲಿ ಆರಂಭವಾದ ಆ ಶಾಲೆಗೆ 1957ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಪ್ರಿನ್ಸಿಪಾಲರಾದರು. ಅವರ ಕಣ್ಣೆದುರು ಪ್ರತಿವರ್ಷ ಒಂದೇ ನೋವು: ಪ್ರತಿಭೆಯ ಹುಡುಗರು ಓದು ಮುಗಿಸುತ್ತಾರೆ, ಚಿತ್ರ ಕೊಳ್ಳುವವರಿಲ್ಲ, ಎಲ್ಲೋ ಗುಮಾಸ್ತಿಕೆಗೋ ಜಾಹೀರಾತಿನ ಕೆಲಸಕ್ಕೋ ಸೇರುತ್ತಾರೆ, ಕುಂಚ ಒಣಗುತ್ತದೆ. ಪಣಿಕ್ಕರ್ ಕಂಡುಕೊಂಡ ಉಪಾಯ ಸರಳ. ದಿನದ ಒಂದಿಷ್ಟು ಹೊತ್ತು ಜನ ಕೊಳ್ಳುವಂಥ ವಸ್ತು ಮಾಡಿ. ಬಾಟಿಕ್ ಬಟ್ಟೆ, ಚರ್ಮದ ಕೆಲಸ, ಮಣ್ಣಿನ ಪಾತ್ರೆ, ಲೋಹದ ಕೆಲಸ, ಯಾವುದಾದರೂ ಸರಿ. ಅದು ಹೊಟ್ಟೆಗೆ. ಉಳಿದ ಹೊತ್ತಿನಲ್ಲಿ ಯಾರ ಹಂಗೂ ಇಲ್ಲದೆ ಚಿತ್ರ ಬರೆಯಿರಿ.

ಕಲಾವಿದರು ಕರಕುಶಲ ಸಂಘ ಕಟ್ಟಿಕೊಂಡರು. ಬಾಟಿಕ್ ಚೆನ್ನಾಗಿ ಮಾರಾಟವಾಯಿತು. ಆ ಹಣದಿಂದ ಕಡಲ ದಂಡೆಯ ಮರಳು ಜಾಗ ಕೊಂಡು, 1966ರಲ್ಲಿ ಹಳ್ಳಿ ಶುರು ಮಾಡಿದರು. ಆಗ ಅಲ್ಲಿದ್ದದ್ದು ಮರಳು, ಸರ್ವೆ ಮರ, ಗಾಳಿ. ಗರಿ ಹೊದಿಸಿದ ಗುಡಿಸಲಿನಲ್ಲಿ, ವಿದ್ಯುತ್ತಿಲ್ಲದೆ ಮೊದಲ ದಿನಗಳು ಕಳೆದವು. ಇಂದು ಆ ರಸ್ತೆಯ ಇಕ್ಕೆಲದ ಬಂಗಲೆಗಳನ್ನು ನೋಡಿದವರಿಗೆ ಇದನ್ನು ನಂಬುವುದು ಕಷ್ಟ.

ಊರಿಗೆ ಅನ್ನ ಹಾಕಿದ ಬಾಟಿಕ್‌ನ ಗುಟ್ಟು ತಿಳಿದುಕೊಂಡರೆ ಬಟ್ಟೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ ಎಂಬ, ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿಯೇ ಇದರ ಬುಡ. ಕರಗಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ರ ಬರೆದು ಬಣ್ಣದ ನೀರಿನಲ್ಲಿ ಅದ್ದಿದರೆ, ಮೇಣ ಇರುವಲ್ಲಿ ಬಣ್ಣ ಹಿಡಿಯುವುದಿಲ್ಲ. ಮೇಣ ಆರಿದ್ದರೆ ಎಳೆಯೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ, ಅತಿ ಬಿಸಿಯಾದರೆ ಗೆರೆ ಮೀರಿ ಹರಡುತ್ತದೆ. ಬಣ್ಣದ ನೀರು ಮಾತ್ರ ತಣ್ಣಗಿರಬೇಕು, ಇಲ್ಲದಿದ್ದರೆ ಮೇಣವೇ ಕರಗಿ ಹೋದೀತು. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುವುದು ಕ್ರಮ. ಹಳದಿಯಲ್ಲಿ ಅದ್ದಿದ್ದನ್ನು ಮತ್ತೆ ನೀಲಿಯಲ್ಲಿ ಅದ್ದಿದರೆ ಹಸಿರು. ಹಳದಿಯೇ ಉಳಿಯಬೇಕಾದಲ್ಲಿ ನಡುವೆ ಮತ್ತೊಮ್ಮೆ ಮೇಣ. ಕೊನೆಗೆ ಕುದಿಯುವ ನೀರಿನಲ್ಲಿ ಮೇಣವೆಲ್ಲ ಬಿಡಿಸುತ್ತಾರೆ.

ಬಾಟಿಕ್ ಎಂದೊಡನೆ ನೆನಪಾಗುವ ಆ ಸಣ್ಣ ಸಣ್ಣ ನರಗಳಂಥ ಗೆರೆಗಳು ಬರುವುದು ಮೇಣ ಬಿರಿದು ಬಣ್ಣ ಒಳಗೆ ನುಗ್ಗಿದಾಗ. ಪ್ಯಾರಾಫಿನ್ ಬೇಗ ಬಿರಿಯುತ್ತದೆ, ಜೇನುಮೇಣ ಬಾಗುತ್ತದೆ. ಎಷ್ಟು ಗೆರೆ ಬೇಕೆಂಬುದಕ್ಕೆ ತಕ್ಕಂತೆ ಎರಡನ್ನೂ ಬೆರೆಸುವುದು ಮಾಡುವವರ ಅಂದಾಜು. ಹಾಗಾಗಿ ಒಂದರಂತೆ ಇನ್ನೊಂದು ಬರುವುದೇ ಇಲ್ಲ. ಕೊಳ್ಳುವವರು ಬಟ್ಟೆಯನ್ನು ತಿರುವಿ ನೋಡಬೇಕು: ಅದ್ದಿದ ಬಟ್ಟೆಯಲ್ಲಿ ಬಣ್ಣ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಅಚ್ಚೊತ್ತಿದ ನಕಲಿನ ಹಿಂಬದಿ ಸಾಮಾನ್ಯವಾಗಿ ಪೇಲವ.

ಕನ್ನಡಿಗರಿಗೆ ಈ ಊರು ಪೂರ್ತಿ ಹೊರಗಿನದೇನಲ್ಲ. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಇದರ ಸ್ಥಾಪಕರಲ್ಲಿ ಒಬ್ಬರು. ಬಾಟಿಕ್ ಮಾಡಿದರು, ತಾಮ್ರದ ತಗಡಿನಲ್ಲಿ ಉಬ್ಬುಚಿತ್ರ ಮಾಡಿದರು, ಮರವನ್ನು ಮತ್ತೆ ಮತ್ತೆ ಚಿತ್ರಿಸಿದರು. 1970ರ ‘ಸಂಸ್ಕಾರ’ ಚಿತ್ರದ ಕಲಾ ನಿರ್ದೇಶನ ಅವರದೇ. 1988ರಲ್ಲಿ ಬೆಂಗಳೂರಿಗೆ ಬಂದರು. ಸ್ವತಃ ಪಣಿಕ್ಕರ್ ಅವರ ‘ಪದಗಳು ಮತ್ತು ಸಂಕೇತಗಳು’ ಸರಣಿಯನ್ನು ನೋಡುವುದಂತೂ ಲೆಕ್ಕದ ಮೇಷ್ಟರಿಗೆ ಹಬ್ಬ. ಬೀಜಗಣಿತವೋ ಜಾತಕವೋ ಎಂದು ಗೊಂದಲವಾಗುವಂತೆ ಅಂಕಿ, ಅಕ್ಷರ, ಗೆರೆಗಳನ್ನು ತುಂಬಿದ್ದಾರೆ. ಬಿಡಿಸಲು ಹೊರಟರೆ ಉತ್ತರ ಮಾತ್ರ ಬರುವುದಿಲ್ಲ! ಅವರ ಮಗ ನಂದಗೋಪಾಲ್ ಭೌತಶಾಸ್ತ್ರ ಓದಿದವರು. ತಾಮ್ರ, ಹಿತ್ತಾಳೆ ಬೆಸೆದು ಶಿಲ್ಪ ಮಾಡಿದರು.

ಕರಕುಶಲವನ್ನು ಕೀಳೆಂದು ಕಾಣುವ ಕಲಾಪಂಡಿತರು ಅಂದೂ ಇದ್ದರು, ಇಂದೂ ಇದ್ದಾರೆ. ಬಟ್ಟೆಗೆ ಬಣ್ಣ ಹಾಕುವವನ ಕೈ ಕೆಟ್ಟುಹೋಗುತ್ತದೆ ಎಂಬ ವಾದ ಇಲ್ಲಿನ ಗೋಡೆಗಳ ಮುಂದೆ ನಿಲ್ಲುವುದಿಲ್ಲ. ತಗಡು ತಟ್ಟಿದ ಕೈಯ ಹದ ಶಿಲ್ಪದಲ್ಲಿ ಕಾಣುತ್ತದೆ, ಮೇಣದ ಗೆರೆಯ ಓಟ ಕ್ಯಾನ್ವಾಸಿನಲ್ಲಿ ಕಾಣುತ್ತದೆ.

ಚಿಂತೆ ಇರುವುದು ಬೇರೆ ಕಡೆ. ಪಣಿಕ್ಕರ್ 1977ರಲ್ಲಿ ತೀರಿಕೊಂಡರು, ನಂದಗೋಪಾಲ್ 2017ರಲ್ಲಿ. ಮೊದಲ ತಲೆಮಾರಿನ ಹಲವರು ಈಗಿಲ್ಲ. ಕಲಾವಿದರ ಮಕ್ಕಳೆಲ್ಲ ಕುಂಚ ಹಿಡಿಯಬೇಕೆಂಬ ಕಾನೂನಿಲ್ಲ. 2011ರಲ್ಲಿ ಈಂಜಂಬಾಕ್ಕಂ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಒಂದು ಕಾಲಕ್ಕೆ ಬಾಟಿಕ್ ಮಾರಿ ಕೊಳ್ಳಬಹುದಾಗಿದ್ದ ನೆಲವನ್ನು ಇಂದಿನ ಯುವ ಚಿತ್ರಕಾರ ಕನಸಿನಲ್ಲೂ ಕೊಳ್ಳಲಾರ.

2009ರಲ್ಲಿ ತೆರೆದ ಸಮಕಾಲೀನ ಕಲಾ ಕೇಂದ್ರದಲ್ಲಿ ಮದರಾಸು ಪಂಥದ ಕೃತಿಗಳ ಸಂಗ್ರಹಾಲಯವಿದೆ, ಕೈಕೆಲಸದ ಅಂಗಡಿಯಿದೆ, ಹೊರಗೆ ಮರಗಳ ನಡುವೆ ಕಲ್ಲಿನ ಶಿಲ್ಪಗಳಿವೆ. ಬಿಸಿಲು ಏರುವ ಮುನ್ನ ಹೋಗುವುದು ಒಳ್ಳೆಯದು. ಕಲಾವಿದರ ಮನೆಗಳು ಅದೇ ಆವರಣದಲ್ಲಿವೆ. ಅವು ಪ್ರದರ್ಶನಕ್ಕಲ್ಲ, ಕೇಳದೆ ಒಳಗೆ ಇಣುಕಬಾರದು.