ಅಜ್ಜನ ಮೊಳ

ನಮ್ಮನೆ ಕಟ್ಟಿಗೆ ಕೊಟ್ಟಿಗೆಯ ಕಂಬಕ್ಕೆ ಒಂದು ಅಡಿಕೆ ದಬ್ಬೆ ಒರಗಿಕೊಂಡಿರುತ್ತದೆ. ಎರಡು ಮೊಳ ಉದ್ದ, ನಟ್ಟನಡುವೆ ಕತ್ತಿಯಿಂದ ಕೊರೆದ ಒಂದು ಕಚ್ಚು. ಕಚ್ಚಿನವರೆಗಿನದು ಬಚ್ಚಲೊಲೆಯ ಅಳತೆ, ಪೂರ್ತಿ ಉದ್ದ ಅಡಿಕೆ ಬೇಯಿಸುವ ಒಲೆಯದು. ಅಜ್ಜನ ದಬ್ಬೆಗೆ ಗೆದ್ದಲು ಹತ್ತುವ ಮೊದಲೇ ಅಪ್ಪ ಅದರ ಮೇಲಿಟ್ಟು ಇನ್ನೊಂದನ್ನು ಕತ್ತರಿಸಿಕೊಂಡಿದ್ದ. ಅಪ್ಪನದರ ಮೇಲಿಟ್ಟು ನಾನು ಕತ್ತರಿಸಿದ್ದು ಇದು.

ಹಳೆಯ ಲೆಕ್ಕದಲ್ಲಿ ಎರಡು ಗೇಣಿಗೆ ಒಂದು ಮೊಳ, ಮೊಳಕ್ಕೆ 18 ಇಂಚು. ನಾನು ಕೊಂಡ ಮರ ಕೊಯ್ಯುವ ಮಿಶನ್ನಿನ, ಚೈನು ಸುತ್ತುವ ಬಾರ್ ಕೂಡ 18 ಇಂಚಿನದೇ. ಮೊದಲ ವರ್ಷ ಇದು ನನಗೆ ಹೇಳಿಮಾಡಿಸಿದಂತೆ ಕಂಡಿತು. ಮಿಶನ್ ಆರಿಸಿ ಬಾರನ್ನೇ ಮರದುದ್ದಕ್ಕೆ ಮಲಗಿಸುವುದು, ತುದಿ ಬಂದಲ್ಲಿ ಗುರುತು ಹಾಕುವುದು, ಕೊಯ್ಯುವುದು. ಎರಡು ಗಾಡಿ ಕಟ್ಟಿಗೆ ಹೀಗೇ ಕೊಯ್ದೆ. ಮರುದಿನ ಬೆಳಗಿನ ಜಾವ ಹಂಡೆಗೆ ಬೆಂಕಿ ಹಾಕಲು ಕೂತ ಅಮ್ಮ ಬಚ್ಚಲಿಂದಲೇ ಕೂಗಿದಳು, "ತಮಾ, ಹಿಡ್ಕಂಬಲೆ ಬಾಲವೇ ಇಲ್ಯಲ ಇದಕ್ಕೆ!"

ಟೇಪು ಹಿಡಿದು ದಬ್ಬೆ ಅಳೆದೆ. ಕಚ್ಚಿನವರೆಗೆ ಹತ್ತೊಂಬತ್ತೂವರೆ ಇಂಚು. ಅಜ್ಜ ಎತ್ತರದ ಆಳು. ಮೊಣಕೈಯಿಂದ ನಡುಬೆರಳಿನ ತುದಿವರೆಗಿನ ಅವನ ಮೊಳಕ್ಕೆ ಒಲೆ ಕಟ್ಟಿದ್ದರು, ಒಲೆಗೆ ತಕ್ಕಂತೆ ಕಟ್ಟಿಗೆ. ಕುಂಟೆಯ, ಅಂದರೆ ಕೊಯ್ದ ತುಂಡಿನ, ಬಾಲ ಒಲೆಯ ಬಾಯಿಂದ ನಾಲ್ಕು ಬೆರಳು ಹೊರಗೆ ಉಳಿಯಬೇಕು. ಮುಂದಿನದು ಉರಿದಂತೆ ಅದನ್ನು ಹಿಡಿದು ಒಳಗೆ ದೂಡಬೇಕು. ಒಂದೂವರೆ ಇಂಚು ಕಡಿಮೆಯಾದರೆ ಕೈ ಬೆಂಕಿಯ ಹತ್ತಿರ ಹೋಗುತ್ತದೆ. ಹೆಚ್ಚಾದರೆ ಮುಂದಿನದು ಕೆಂಡವಾಗುವ ಹೊತ್ತಿಗೆ ಹಿಂದಿನ ಭಾರಕ್ಕೆ ಕುಂಟೆ ಮಗುಚಿ ಬಚ್ಚಲಿಗೇ ಬೀಳುತ್ತದೆ. ಅಂದಿನಿಂದ, ಒಂದೇ ಒಂದು ವರ್ಷದ ಹೊರತು, ನಾನು ದಬ್ಬೆ ಬಿಟ್ಟು ಮರ ಮುಟ್ಟಿದವನಲ್ಲ.

ಅಡಿಕೆ ಸುಗ್ಗಿ ಮುಗಿದು ಅಂಗಳದ ಚಪ್ಪರ ಖಾಲಿಯಾದ ಮೇಲೆ ನಮ್ಮ ಸಾಗರ ಸೀಮೆಯಲ್ಲಿ ಕಟ್ಟಿಗೆಯ ಕಾಲ. ಹೋದ ಮಳೆಯ ಗಾಳಿಗೆ ಉರುಳಿದ ಮಾವು, ಬೇಲಿಯಂಚಿನ ಅಕೇಶಿಯಾ, ಒಣಗಿ ನಿಂತ ಮತ್ತಿಯ ಕೊಂಬೆ. ಹೊಳೆಗೇರನ್ನು ಮಾತ್ರ ನಾನು ಮುಟ್ಟುವುದಿಲ್ಲ. ಮಿಶನ್ ಎರಚುವ ಅದರ ಸೊನೆಯ ಹನಿ ಮೈಗೆ ಬಿದ್ದರೆ ಬೊಕ್ಕೆ ಏಳುತ್ತದೆ.

ಕೊಯ್ಯುವುದಕ್ಕಿಂತ ಗುರುತು ಹಾಕುವ ಹೊತ್ತು ನನಗೆ ಇಷ್ಟ. ಮಿಶನ್ ಇನ್ನೂ ಸದ್ದು ಮಾಡಿರುವುದಿಲ್ಲ. ಒಂದು ಕೈಯಲ್ಲಿ ದಬ್ಬೆ, ಇನ್ನೊಂದರಲ್ಲಿ ಕತ್ತಿ. ದಬ್ಬೆ ಇಡುವುದು, ತೊಗಟೆಗೊಂದು ಕಚ್ಚು ಹಾಕುವುದು, ಮುಂದೆ ಸರಿಯುವುದು. ಅಕೇಶಿಯಾದ ಕಪ್ಪು ತೊಗಟೆಯ ಮೇಲೆ ಕಚ್ಚು ಎದ್ದು ಕಾಣುತ್ತದೆ. ಸುಣ್ಣ ಬೇಡ, ಸೀಮೆಸುಣ್ಣ ಬೇಡ. ಕೊಯ್ದ ಕುಂಟೆಯನ್ನೇ ಅಳತೆ ಮಾಡಿಕೊಂಡು ಮುಂದಿನದನ್ನು ಕೊಯ್ಯಬಾರದು, ಪ್ರತಿ ಸಲವೂ ದಬ್ಬೆಯೇ ಬರಬೇಕು. ಕುಂಟೆಯಿಂದ ಕುಂಟೆಗೆ ಅಳೆಯುತ್ತ ಹೋದರೆ ಕೂದಲೆಳೆಯಷ್ಟು ತಪ್ಪು ಹತ್ತನೇ ಕುಂಟೆಗೆ ಹೆಬ್ಬೆರಳಗಲ ಆಗಿರುತ್ತದೆ. ಚೈನು ತಿನ್ನುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಒಂದೊಂದು ಕೊಯ್ತಕ್ಕೆ ಕಾಲು ಇಂಚಿಗೆ ಮೇಲೆಯೇ ಮರ ಹುಡಿಯಾಗಿ ಹೋಗುತ್ತದೆ. ಹಾಗಾಗಿ ಕಚ್ಚಿನ ಯಾವ ಮಗ್ಗುಲಿಗೆ ಬಾರ್ ಇಡುವುದೆಂದು ಮೊದಲೇ ನಿಶ್ಚಯಿಸಿಕೊಳ್ಳುತ್ತೇನೆ. ನನ್ನದು ಯಾವಾಗಲೂ ಬಲಮಗ್ಗುಲು.

ಒಂದು ವರ್ಷ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಕೊಡೆಕಡ್ಡಿ ಬಿಗಿದು ಬಾರಿಗೆ ಅಂಟಿಸಿದ್ದೆ. ಕಡ್ಡಿಯ ತುದಿ ಮರದ ಅಂಚಿಗೆ ಬಂದಲ್ಲಿ ಕೊಯ್ದರಾಯಿತು, ಗುರುತೇ ಬೇಡ. ಕೆಲಸ ಬೇಗ ಸಾಗಿತು, ಆದರೆ ನಡುಕಕ್ಕೆ ಕಡ್ಡಿ ತುಸುತುಸುವೇ ಜಾರಿ, ಸಂಜೆಯ ಕುಂಟೆಗಳು ಬೆಳಗಿನವಕ್ಕಿಂತ ಎರಡು ಬೆರಳು ಉದ್ದ ಬಂದವು. ಬಿಟ್ಟುಬಿಟ್ಟೆ.

ಸಣ್ಣ ಮರವಾದರೆ ಕತ್ತರಿಗಾಲಿನ ಮೇಲೆ ಏರಿಸುತ್ತೇನೆ. ದೊಡ್ಡ ದಿಮ್ಮಿ ನೆಲದಲ್ಲೇ ಇರಬೇಕು. ಆಗ ಎಲ್ಲ ಗುರುತುಗಳಲ್ಲೂ ಮುಕ್ಕಾಲು ಭಾಗ ಕೊಯ್ದು ನಿಲ್ಲಿಸಿ, ದಿಮ್ಮಿಯನ್ನು ಹಾರೆಯಿಂದ ಉರುಳಿಸಿ, ಉಳಿದ ಕಾಲು ಭಾಗವನ್ನು ಮೇಲಿನಿಂದ ಕೊಯ್ಯುತ್ತೇನೆ. ಚೈನು ಮಣ್ಣಿಗೆ ಒಂದೇ ಒಂದು ಸಲ ತಗುಲಿದರೂ ಹಲ್ಲಿನ ಹರಿತ ಹೋಯಿತೆಂದೇ ಲೆಕ್ಕ. ಎರಡೂ ತುದಿ ಆನಿಸಿಕೊಂಡು ನಡು ತೇಲುವ ದಿಮ್ಮಿಯನ್ನು ಮೇಲಿನಿಂದಲೇ ಕೊಯ್ಯುತ್ತ ಹೋದರೆ ಸೀಳು ಮುಚ್ಚಿ ಬಾರನ್ನು ಕಚ್ಚಿಕೊಳ್ಳುತ್ತದೆ. ಮೇಲೆ ಮೂರನೇ ಒಂದು ಪಾಲು, ಉಳಿದದ್ದು ಕೆಳಗಿನಿಂದ. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಗುಲಗೊಡಬಾರದು. ತಗುಲಿದರೆ ಮಿಶನ್ ಕಣ್ಣು ಮಿಟುಕಿಸುವುದರೊಳಗೆ ಮುಖದತ್ತ ಸಿಡಿಯುತ್ತದೆ. ಇದನ್ನು ನೆನೆಯದೆ ನಾನು ಒಂದು ದಿನವೂ ಹಗ್ಗ ಎಳೆದು ಚಾಲೂ ಮಾಡಿದ್ದಿಲ್ಲ.

ಹುಡಿ ನೋಡಿದರೆ ಚೈನಿನ ಸ್ಥಿತಿ ತಿಳಿಯುತ್ತದೆ. ಅವಲಕ್ಕಿಯಂತೆ ಚಕ್ಕೆಚಕ್ಕೆಯಾಗಿ ಉದುರಿದರೆ ಹಲ್ಲು ಹರಿತವಾಗಿದೆ, ರಾಗಿಹಿಟ್ಟಿನಂತೆ ನುಣ್ಣಗೆ ಬಂದರೆ ಮೊಂಡಾಗಿದೆ. ನನ್ನ ಚೈನಿಗೆ 4.8 ಮಿಲಿಮೀಟರಿನ ಉರುಟು ಅರ, 30 ಡಿಗ್ರಿ ಓರೆ. ಒಂದೊಂದು ಹಲ್ಲಿಗೂ ಎಣಿಸಿ ಮೂರೇ ಉಜ್ಜು. ಎಡಸಾಲಿನ ಹಲ್ಲಿಗೆ ಹೆಚ್ಚು, ಬಲಕ್ಕೆ ಕಡಿಮೆ ಉಜ್ಜಿದರೆ ಕೊಯ್ತ ನೆಟ್ಟಗಿಳಿಯದೆ ಒಂದು ಕಡೆಗೆ ಬಾಗುತ್ತದೆ, ಕುಂಟೆಯ ಮುಖ ಓರೆಯಾಗುತ್ತದೆ. ಎಷ್ಟೇ ಸರಿಯಾಗಿ ಅಳೆದಿದ್ದರೂ ಆಮೇಲೆ ಅದು ಒಂದು ಮಗ್ಗುಲಿಗೆ ಮೊಳ, ಇನ್ನೊಂದು ಮಗ್ಗುಲಿಗೆ ಮೊಳ ಅಲ್ಲ.

ಈ ಹಲ್ಲಿನ ಆಕಾರ ಹುಟ್ಟಿದ್ದೂ ಕಟ್ಟಿಗೆ ಒಡೆಯುವಾಗಲೇ. 1946ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವನು ಸೌದೆ ಒಡೆಯುತ್ತಿದ್ದಾಗ, ಮೋಟಿನೊಳಗೆ ಬೆರಳು ಗಾತ್ರದ ಕೊರೆಹುಳವೊಂದು ಗಟ್ಟಿ ಮರವನ್ನು ಸಲೀಸಾಗಿ ತಿನ್ನುತ್ತ ಸಾಗುವುದನ್ನು ಕಂಡ. ಅದರ ದವಡೆ ಎಡಕ್ಕೂ ಬಲಕ್ಕೂ ಕಚ್ಚುತ್ತಿತ್ತು. ಅದನ್ನೇ ಅವನು ಉಕ್ಕಿನಲ್ಲಿ ಮಾಡಿದ. ಎಡ ಬಲ ಸರದಿಯಂತೆ ಬಾಗಿದ ಹಲ್ಲುಗಳ ಇಂದಿನ ಚೈನು ಹಾಗೆ ಬಂದದ್ದು. ಮಾವಿನ ದಿಮ್ಮಿ ಸೀಳುವಾಗ ನನಗೂ ಅಂಥ ಬಿಳಿಯ ಹುಳ ಸಿಗುತ್ತದೆ. ಅದನ್ನು ಸೊಪ್ಪಿನ ರಾಶಿಗೆ ಬಿಟ್ಟು, ಅದು ಕೊರೆದ ದಾರಿಯ ನುಣುಪನ್ನು ಬೆರಳಾಡಿಸಿ ನೋಡುತ್ತೇನೆ.

ಒಣಗುವುದರಲ್ಲೂ ಅಳತೆಯ ಪಾಲಿದೆ. ಹಸಿಮರದ ನೀರು ಮಗ್ಗುಲಿನಿಂದ ಹೋಗುವುದಕ್ಕಿಂತ ಎಷ್ಟೋ ಪಟ್ಟು ಬೇಗ ನಾರಿನುದ್ದಕ್ಕೆ ಹರಿದು ಕೊಯ್ದ ಮುಖಗಳಿಂದ ಆರುತ್ತದೆ. ಒಂದೇ ಉದ್ದ, ಹೆಚ್ಚುಕಡಿಮೆ ಒಂದೇ ದಪ್ಪದ ಕುಂಟೆಗಳು ಒಟ್ಟಿಗೆ ಒಣಗುತ್ತವೆ. ಮಳೆಗಾಲದ ನಡುವೆ ಕೈಗೆ ಸಿಕ್ಕಿದ್ದನ್ನು ಒಲೆಗೆ ಒಡ್ಡಿದರೆ ಒಂದು ಉರಿದು ಇನ್ನೊಂದು ಹೊಗೆಯುವ ಕಷ್ಟವಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಎಲ್ಲವೂ ಕೊಟ್ಟಿಗೆ ಸೇರಬೇಕು. ಒಟ್ಟುತ್ತ ಹೋದಂತೆ ಸಾಲಿನ ಮುಖ ಗೋಡೆಯಂತೆ ಏಳುತ್ತದೆ. ಮತ್ತಿಯ ಕಂದು, ಅಕೇಶಿಯಾದ ಕೆಂಪು, ಮಾವಿನ ಮಾಸಲು ಬಿಳಿ, ನಡುವೆ ಎಲ್ಲೋ ಒಂದು ಹಲಸಿನ ಹಳದಿ. ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಸವರುತ್ತೇನೆ. ಎಲ್ಲೂ ತಡೆಯದಿದ್ದರೆ ಅವತ್ತಿನ ಊಟ ರುಚಿಸುತ್ತದೆ.

ದಿಮ್ಮಿಯ ಕೊನೆಯಲ್ಲಿ ಅಳತೆಗೆ ದಕ್ಕದೆ ಉಳಿಯುವ ಮೋಟುಗಳನ್ನು ಸಾಲಿಗೆ ಸೇರಿಸುವುದಿಲ್ಲ. ಅವಕ್ಕೆ ಬೇರೆ ಬುಟ್ಟಿ. ಹಲಸಿನಕಾಯಿ ಹಪ್ಪಳಕ್ಕೆ ಸೊಳೆ ಬೇಯಿಸುವಾಗ ಅಮ್ಮ ಅವನ್ನೇ ಕೇಳುತ್ತಾಳೆ, ಅಂಗಳದ ಮೂರು ಕಲ್ಲಿನ ಒಲೆಗೆ ಅವೇ ಹದ.

ಈ ಸಲ ಕೆಲಸದ ಕೊನೆಯ ದಿನ ದಬ್ಬೆಯನ್ನು ದಿಮ್ಮಿಯ ಮೇಲೆಯೇ ಮರೆತಿದ್ದೆ. ಚೈನು ಅದರ ಒಂದು ತುದಿಯನ್ನು ಓರೆಯಾಗಿ ಕಚ್ಚಿತು. ಹೋದದ್ದು ಅರ್ಧ ಇಂಚು. ಇನ್ನೊಂದು ತುದಿಯಿಂದ ಅಳೆದು ಆ ದಿನ ಮುಗಿಸಿದೆ. ಅಪ್ಪನ ದಬ್ಬೆ ಅಟ್ಟದ ಮೇಲೆ ಹೊಗೆ ಹಿಡಿದುಕೊಂಡು ಭದ್ರವಾಗಿದೆ. ಕೆಳಗಿನ ತೋಟದಲ್ಲಿ ಗಾಳಿಗೆ ಬಿದ್ದ ಬಲಿತ ಅಡಿಕೆ ಮರವೊಂದಿದೆ. ಮಳೆ ಬಿಟ್ಟ ದಿನ ನೋಡಿ ಸೀಳಬೇಕು.