ಅಗಲವೋ ಎತ್ತರವೋ

ಆಯ್ಕೆಗೆ ಏನೂ ಇಲ್ಲದವನಿಗೆ ಒಂದು ಸುಖವಿದೆ. ಆಯ್ಕೆ ಎದುರಾದ ದಿನವೇ ಅದರ ಬೆಲೆ ತಿಳಿಯುವುದು. ನಮ್ಮ ಮನೆಯಲ್ಲಿ ಕೊಳ್ಳುವ ವಸ್ತುವಿಗೆ ಎರಡು ಬಗೆ ಇದ್ದುದನ್ನು ನಾನು ಕಾಣೆ. ಕೊಡೆಯೆಂದರೆ ಕರಿಯ ಕೊಡೆ, ಚಪ್ಪಲಿಯೆಂದರೆ ಸಂತೆಯ ಚಪ್ಪಲಿ, ಕಾಲೇಜೆಂದರೆ ಬಸ್ಸು ಹೋಗುವ ಸರ್ಕಾರಿ ಕಾಲೇಜು. ಹೀಗೆ ಇಪ್ಪತ್ತು ವರ್ಷ ನಿಶ್ಚಿಂತನಾಗಿ ಬೆಳೆದ ನನಗೆ ಈ ವರ್ಷ ಕಂಪ್ಯೂಟರಿನ ಪರದೆಯೊಂದನ್ನು ಕೊಳ್ಳುವ ಪ್ರಸಂಗ ಒದಗಿ, ಹದಿನೈದು ದಿನ ನಿದ್ದೆ ಕೆಟ್ಟಿತು.

ನಾನು ಸಂಜೆಯ ಹೊತ್ತು ಅರಸೀಕೆರೆಯ ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳನ್ನು ಟೈಪು ಮಾಡುತ್ತೇನೆ. ಯಜಮಾನರು ಹೊಸ ಯಂತ್ರ ತಂದಾಗ ಹಳೆಯದರ ಸಿಪಿಯು ಪೆಟ್ಟಿಗೆಯನ್ನು ನನಗೆ ಕೊಟ್ಟರು. ಪರದೆ ಮಾತ್ರ ಇರಲಿಲ್ಲ. ಪರದೆಯಿಲ್ಲದ ಕಂಪ್ಯೂಟರು ಮೌಖಿಕ ಪರೀಕ್ಷೆಯಲ್ಲಿ ಬಾಯಿ ಬಿಡದ ವಿದ್ಯಾರ್ಥಿಯಂತೆ. ಒಳಗೆ ಏನಿದೆಯೆಂಬುದು ಯಾರಿಗೂ ತಿಳಿಯದು. ಇತ್ತ ನಮ್ಮ ಅಧ್ಯಾಪಕರು ಒಂದು ಕೆಲಸವನ್ನು ಒಪ್ಪಿಸಿದ್ದರು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ನಮ್ಮ ತಾಲ್ಲೂಕಿನ ಕೆಲವನ್ನು ಟೈಪು ಮಾಡಿ ಅರ್ಥ ಬರೆಯಬೇಕು. ಒಂದು ಕಡೆ ಹಳೆಯ ಪುಟದ ಚಿತ್ರ, ಇನ್ನೊಂದು ಕಡೆ ನನ್ನ ಬರಹ, ಮತ್ತೊಂದು ಕಡೆ ನಿಘಂಟು. ಮೊಬೈಲಿನಲ್ಲಿ ಇದು ಆಗುವ ಮಾತಲ್ಲ.

ಅಪ್ಪ ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿ ಇಳಿಸಿ, ಕೊಬ್ಬರಿ ಮಾರಿ, ಸಾಲ ತೀರಿಸಿ ಉಳಿದ 20,000 ರೂಪಾಯಿಯನ್ನು ನನ್ನ ಕೈಗಿತ್ತರು. "ಬೇಕಾದ್ದು ತಗೋ, ಉಳುದ್ರೆ ತಂದ್ಕೊಡು" ಎಂದರು. ನನ್ನ ತೊಂದರೆ ಇಲ್ಲಿಂದ ಆರಂಭ.

ಅಂಗಡಿಯಲ್ಲಿ ಎರಡು ಪರದೆಗಳಿದ್ದವು. ಒಂದು 24 ಇಂಚಿನ ಸಾಮಾನ್ಯ ಅಗಲ ಪರದೆ. ಅಗಲ ಹದಿನಾರು ಪಾಲಾದರೆ ಎತ್ತರ ಒಂಬತ್ತು ಪಾಲು. ಬೆಲೆ 9,000. ಇನ್ನೊಂದು 29 ಇಂಚಿನ ಅಲ್ಟ್ರಾವೈಡ್, ಇಪ್ಪತ್ತೊಂದಕ್ಕೆ ಒಂಬತ್ತು. ಬೆಲೆ 19,000. ಲೆಕ್ಕದಲ್ಲಿ ನನಗೆ ಹುಚ್ಚಿರುವುದರಿಂದ ಒಂದು ವಿನೋದ ಹೊಳೆಯಿತು. ಹಳೆಯ ಟೆಲಿವಿಷನ್ನಿನ ಅಳತೆ ನಾಲ್ಕಕ್ಕೆ ಮೂರು. ಅದರ ವರ್ಗ ಹದಿನಾರಕ್ಕೆ ಒಂಬತ್ತು. ಅದರ ಘನ ಅರವತ್ತನಾಲ್ಕಕ್ಕೆ ಇಪ್ಪತ್ತೇಳು. 2560 ಅಡ್ಡ ಚುಕ್ಕೆ, 1080 ಉದ್ದ ಚುಕ್ಕೆಯ ಈ ಅಲ್ಟ್ರಾವೈಡಿನ ನಿಜವಾದ ಅಳತೆ ಅದೇ. ಇಪ್ಪತ್ತೊಂದಕ್ಕೆ ಒಂಬತ್ತು ಎಂಬುದು ಬಾಯಿಮಾತು. 1953ರ 'ದಿ ರೋಬ್' ಚಿತ್ರದಿಂದ ಹಬ್ಬಿದ ಸಿನಿಮಾಸ್ಕೋಪಿನ ಅಗಲಕ್ಕೆ ಇದು ಹತ್ತಿರ. ಕೊಬ್ಬರಿಯ ಮನೆಯೊಳಗೆ ಸಿನಿಮಾಸ್ಕೋಪು! ಆಸೆಯೇನೋ ಬಲವಾಗಿಯೇ ಹಿಡಿಯಿತು.

ನನಗಿಬ್ಬರು ಗೆಳೆಯರು. ಒಬ್ಬ ಬೇಲೂರಿನವ, ಒಬ್ಬ ಹಳೇಬೀಡಿನವ. ತಂತಮ್ಮ ಊರಿನ ದೇವಸ್ಥಾನವನ್ನು ತರದೆ ಅವರು ಯಾವ ವಾದವನ್ನೂ ಮಾಡರು.

"ನಮ್ಮ ಮದನಿಕೆಯರನ್ನು ನೋಡು" ಎಂದ ಬೇಲೂರಿನವ. "ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು. ಒಬ್ಬೊಬ್ಬಳಿಗೂ ತನ್ನ ಚೌಕಟ್ಟು. ದರ್ಪಣ ಸುಂದರಿಯ ಪಕ್ಕದಲ್ಲಿ ಎರಡು ಗಜ ಜಾಗ ಖಾಲಿ ಬಿಟ್ಟರೆ ಅವಳ ಚೆಲುವು ಹೆಚ್ಚೀತೆ? ಸಾಮಾನ್ಯದ್ದೇ ಸಾಕು ಕಣೋ."

"ಆನೆಯ ಸಾಲನ್ನು ನೋಡದವನ ಮಾತು ಇದು" ಎಂದ ಹಳೇಬೀಡಿನವ. "ಹೊಯ್ಸಳೇಶ್ವರನ ಗೋಡೆಯ ಆನೆಪಟ್ಟಿಕೆ 710 ಅಡಿ ಉದ್ದ, ಎರಡು ಸಾವಿರ ಆನೆ ಎಂದು ಜೇಮ್ಸ್ ಫರ್ಗುಸನ್ ಬರೆದಿದ್ದಾನೆ. ಅದನ್ನು ತುಂಡು ಮಾಡಿ ನೋಡುತ್ತೀಯಾ? ಅಲ್ಟ್ರಾವೈಡೇ ತಗೋ, ಮಾರಾಯ."

ಇದನ್ನು ತೀರ್ಮಾನಿಸಲೆಂದು ಒಂದು ಭಾನುವಾರ ಮೂವರೂ ಹಳೇಬೀಡಿಗೆ ಹೋದೆವು. ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸ. ನಾನು ಕಣ್ಣನ್ನು ಬಿಟ್ಟು ಕಾಲನ್ನು ಗಮನಿಸಿದೆ. ಗೋಡೆಯ ಎದುರಿಗೆ ನಿಂತಲ್ಲೇ ನಿಂತು ಇಡೀ ಕಥೆಯನ್ನು ನೋಡಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಎರಡು ಹೆಜ್ಜೆ ಇಟ್ಟು ನಿಲ್ಲುವರು, ಮತ್ತೆರಡು ಹೆಜ್ಜೆ ಇಡುವರು. ಆ ಉದ್ದ ನಡೆಯುವವನಿಗಾಗಿ. ನಾನೋ ಮನೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂರುವವನು. ನನ್ನ ಮುಂದೆ ಗೋಡೆ ಉದ್ದವಾದಷ್ಟೂ ತಿರುಗಬೇಕಾದ್ದು ಕತ್ತು. ಇದನ್ನು ಹೇಳಿದಾಗ ಹಳೇಬೀಡಿನವ, "ಕಣ್ಣಿಗೂ ನಡೆಯಲು ಬರುತ್ತದೆ" ಎಂದ. ಅದೂ ನಿಜವೇ. ಮೂರು ಕಿಟಕಿಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕಾದ ಶಾಸನದ ಕೆಲಸಕ್ಕೆ ಅವನ ಪಕ್ಷವೇ ಮೇಲು. ಹೋದವನು ಹೋದ ಹಾಗೆಯೇ ಮರಳಿದೆ.

ಕೊನೆಗೆ ಅಪ್ಪನನ್ನೇ ಅಂಗಡಿಗೆ ಕರೆದೊಯ್ದೆ. ಅಪ್ಪನಿಗೆ ಓದು ಬಾರದು. ರುಜುವಿನ ಜಾಗದಲ್ಲಿ ಹೆಬ್ಬೆಟ್ಟು ಒತ್ತುವವರು. ಅವರು ಎರಡು ಪರದೆಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಕೇಳದೆಯೇ ಮುಂದೆ ಹೋಗಿ, ಜಮೀನಿನ ಬದು ಅಳೆಯುವಂತೆ ಕೈಯಗಲಿಸಿ ಗೇಣು ಹಾಕಿದರು. ಮೊದಲು ಸಾಮಾನ್ಯದ ಎತ್ತರ, ಬಳಿಕ ಅಲ್ಟ್ರಾವೈಡಿನ ಎತ್ತರ.

"ಅಲ್ ಕಣ್ಲಾ, ಕಾಸು ಜಾಸ್ತಿ ಇರೋದೇ ಗಿಡ್ಡ ಐತಲ್ಲ!"

ನಾನು ನಕ್ಕೆ, ಆಮೇಲೆ ಲೆಕ್ಕ ಹಾಕಿದೆ. ಪರದೆಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. 29 ಇಂಚಿನ ಅಲ್ಟ್ರಾವೈಡಿನ ಎತ್ತರ ಹನ್ನೊಂದೂಕಾಲು ಇಂಚು. 24 ಇಂಚಿನದರ ಎತ್ತರ ಹನ್ನೊಂದೂಮುಕ್ಕಾಲು. ಅಪ್ಪನ ಗೇಣು ಅರ್ಧ ಇಂಚನ್ನು ಹಿಡಿದಿತ್ತು. ಹದಿನೈದು ದಿನ ವರ್ಗ, ಘನ ಎಂದು ತಲೆ ಓಡಿಸಿದ ಪದವಿಯವನು ಅಂಗಡಿಗೆ ಹೋಗಿ ಕೈಯಿಟ್ಟು ನೋಡಿರಲಿಲ್ಲ. ಅಂಗಡಿಯ ಹುಡುಗ ಇನ್ನೊಂದನ್ನೂ ತಿಳಿಸಿದ. ನನ್ನ ಪೆಟ್ಟಿಗೆಯ ಹಿಂದಿರುವ ಹಳೆಯ ಡಿವಿಐ ಕಿಂಡಿ 1920 ಅಡ್ಡ, 1200 ಉದ್ದ ಚುಕ್ಕೆಗಳಾಚೆಗೆ ಸರಿಯಾಗಿ ಕಳಿಸಲಾರದು. ಅಲ್ಟ್ರಾವೈಡ್ ಕೊಂಡರೆ ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳಬೇಕಾದೀತು.

ಅಪ್ಪ ಮೆಲ್ಲಗೆ ಕೇಳಿದರು: "ಇದ್ರಲ್ಲಿ ಪಾಣಿ ಕಾಣ್ತದಾ?"

ಆಗ ನನಗೆ ಅರ್ಥವಾಯಿತು. ನಮ್ಮ ತೆಂಗಿನ ತೋಟದ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ತಾತ ತೀರಿ ವರ್ಷಗಳಾದರೂ ಪೌತಿ ಖಾತೆ ಆಗಿಲ್ಲ. ವಂಶವೃಕ್ಷ, ಮರಣಪತ್ರ, ಓಡಾಟ, ಇವೆಲ್ಲಕ್ಕೂ ಕಾಸು ಬೇಕು. ಅದಕ್ಕಿಂತ ಹೆಚ್ಚಾಗಿ ಕಾಗದ ಓದಬಲ್ಲವನೊಬ್ಬ ಬೇಕು. ಅಪ್ಪ ಕಾದದ್ದು ಕೊಬ್ಬರಿ ಒಣಗುವ ಹನ್ನೊಂದು ತಿಂಗಳಲ್ಲ, ನಾನು ಓದಿ ಮುಗಿಸುವ ಹದಿನೈದು ವರ್ಷ. "ಉಳುದ್ರೆ ತಂದ್ಕೊಡು" ಎಂದ ಮಾತಿನ ಹಿಂದೆ ಇಷ್ಟೆಲ್ಲ ಇತ್ತು. ಬಾಯಿಬಿಟ್ಟು ಹೇಳಿದರೆ ಮಗನ ಆಸೆಗೆ ಅಡ್ಡ ಬಂದಂತಾದೀತೆಂದು ಸುಮ್ಮನಿದ್ದರು.

24 ಇಂಚಿನದನ್ನೇ ತಂದೆವು. ಉಳಿದ 11,000 ಅಪ್ಪನ ಕೈ ಸೇರಿತು.

ಆ ರಾತ್ರಿ ಭೂಮಿ ಜಾಲತಾಣದಲ್ಲಿ ಪಹಣಿ ತೆರೆದೆ. ಕಾಲಂ 9ರಲ್ಲಿ ತಾತನ ಹೆಸರು. ಅಕ್ಷರವನ್ನು ದೊಡ್ಡದು ಮಾಡಿ, "ಇದೇ ಅಪ್ಪ, ತಾತ" ಎಂದೆ. ಅಪ್ಪ ಹೆಸರಿನ ಮೇಲೆ ಬೆರಳಿಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದರು. ಹಳೇಬೀಡಿನ ಗೆಳೆಯನ ಮಾತು ನೆನಪಾಯಿತು: ನೋಡುವುದೂ ಒಂದು ನಡಿಗೆ. ಅಪ್ಪ ನಡೆಯಬೇಕಾಗಿದ್ದ ದಾರಿ ಒಂದೇ ಹೆಸರಿನಷ್ಟು ಉದ್ದ. ಅದಕ್ಕೆ ಈ ಅಗಲ ಧಾರಾಳವಾಗಿತ್ತು.

ನಾನು ಆಸೆಯನ್ನು ಗೆದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಶಾಸನದ ಪುಟ, ನನ್ನ ಬರಹ, ಇವೆರಡು ಪಕ್ಕಪಕ್ಕ ಹಿಡಿಸುತ್ತವೆ, ನಿಘಂಟಿಗೆ ಜಾಗವಿಲ್ಲ. ಅದನ್ನು ಗ್ರಂಥಾಲಯದಿಂದ ತಂದು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಅಂಗಡಿಯ ಮುಂದೆ ಹೋಗುವಾಗ ಕಣ್ಣು ಇನ್ನೂ ಆ ಉದ್ದನೆಯ ಪರದೆಯ ಕಡೆಗೇ ಹೊರಳುತ್ತದೆ. ಬೇಲೂರು ಹಳೇಬೀಡಿನ ವಾದವೂ ಮುಗಿದಿಲ್ಲ. ಗೆಳೆಯರಿಬ್ಬರೂ ಮನೆಗೆ ಬಂದಾಗ ನನ್ನ ಪರದೆಯ ಮುಂದೆಯೇ ಕುಳಿತು ಅದನ್ನು ಮುಂದುವರಿಸುತ್ತಾರೆ. ಪೌತಿ ಖಾತೆಯ ಅರ್ಜಿಯನ್ನಂತೂ ನಾನೇ ಟೈಪು ಮಾಡಿದೆ. ನಮ್ಮ ವಂಶದಲ್ಲಿ ಬೇರೆಯವರಿಂದ ಬರೆಸದ ಮೊದಲ ಅರ್ಜಿ ಅದು.